ಅಮ್ಮನ ಕ್ಯಾಮೆರಾ ಸಿಕ್ಕಿಕೊಂಡಿದ್ದು 1947ರ ಗೋಮಾಳದಲ್ಲಿ

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಊರಲ್ಲಿ ಒಬ್ಬರೇ ಇದ್ದರು. ಹಾಲ್‌ಗೊಂದು ಕ್ಯಾಮೆರಾ ಹಾಕಿ ಬರೋಣ ಅಂತ ಹೋದೆ. ಎರಡು ಗಂಟೆ ಒದ್ದಾಡಿದರೂ ಅದು ಸ್ಮಾರ್ಟ್ ಹೋಮ್ ಆ್ಯಪ್‌ಗೆ ಸೇರಲೇ ಇಲ್ಲ. ಪಾಸ್‌ವರ್ಡ್ ಸರಿ ಇತ್ತು, ರೀಸೆಟ್ಟೂ ಮಾಡಿದ್ದೆ. ರಾತ್ರಿ ಬಸ್ ಬೇರೆ ಹಿಡೀಬೇಕು. "ಬಿಡೋ, ಪಕ್ಕದ್ಮನೆಯವ್ರು ಇದಾರಲ್ಲ" ಅಂದ್ರು ಅಮ್ಮ.

ಕೊನೆಗೆ ಗೊತ್ತಾಯ್ತು. ನನ್ನ ಫೋನ್ 5 ಗಿಗಾಹರ್ಟ್ಸ್ ವೈ-ಫೈನಲ್ಲಿತ್ತು. ಕ್ಯಾಮೆರಾಗೆ ಗೊತ್ತಿರೋದು 2.4 ಮಾತ್ರ.

ಯಾಕೆ 2.4? 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತರಂಗಗಳನ್ನು ಹಂಚಿಕೊಳ್ಳೋಕೆ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಅಂತ ಕೆಲವು ಪಟ್ಟಿಗಳನ್ನು ಬಿಟ್ಟರು. 2.4 ಅದರಲ್ಲೊಂದು. ಮೈಕ್ರೋವೇವ್ ಓವನ್ ಗದ್ದಲ ಮಾಡೋದೂ ಇಲ್ಲೇ. ಅಲ್ಲಿ ಮಾತಾಡೋಕೆ ಹೋದವರು ಆ ಗದ್ದಲ ಸಹಿಸಿಕೊಳ್ಳಬೇಕು. ಒಂಥರಾ ಊರಾಚೆಯ ಗೋಮಾಳ ಅನ್ನಿ.

1985ರಲ್ಲಿ ಅಮೆರಿಕದ ಎಫ್‌ಸಿಸಿ, ಲೈಸೆನ್ಸ್ ಇಲ್ಲದೆ ಇಲ್ಲಿ ಸಂವಹನ ನಡೆಸಬಹುದು ಅಂತು. 1997ರಲ್ಲಿ ವೈ-ಫೈಯ ಮೊದಲ ಮಾನದಂಡ ಇಲ್ಲೇ ಬೇರೂರಿತು. ಭಾರತದಲ್ಲಿ ಲೈಸೆನ್ಸ್ ವಿನಾಯಿತಿ ಸಿಕ್ಕಿದ್ದು 2005ರಲ್ಲಿ. ಚಿಪ್ ಅಗ್ಗ, ಗೋಡೆ ದಾಟೋದು 5ಕ್ಕಿಂತ ಸುಲಭ. ಹಾಗಾಗಿ ಕಡಿಮೆ ಬೆಲೆಯ ಕ್ಯಾಮೆರಾಗಳು ಇನ್ನೂ ಆ ಗೋಮಾಳ ಬಿಟ್ಟಿಲ್ಲ.

ರೌಟರ್ ಸೆಟ್ಟಿಂಗ್ಸ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟೆ, ಫೋನನ್ನೂ ಅದಕ್ಕೇ ಸೇರಿಸಿದೆ. ಕ್ಯಾಮೆರಾ ತಕ್ಷಣ ಸಿಕ್ತು.

ಬಸ್ಸಲ್ಲಿ ಕೂತು ಆ್ಯಪ್ ತೆರೆದೆ. ವಾಕರ್ ಹಿಡಿದು ಬಂದ ಅಮ್ಮ ಕ್ಯಾಮೆರಾ ಎದುರು ನಿಂತು, "ಸೀಟು ಸಿಕ್ತೇನೋ?" ಅಂದ್ರು.