ಪಟ್ಟೆಮಡಿಯ ಮಡಿಕೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹವ್ಯಕರ ಮನೆಗಳಲ್ಲಿ ಪೂಜೆಗೆ ಕೂರುವವರು ಉಡುವ ಮೆದುವಾದ ರೇಷ್ಮೆಯ ವಸ್ತ್ರಕ್ಕೆ ಪಟ್ಟೆಮಡಿ ಎಂದು ಹೆಸರು. ಪಟ್ಟೆ ಎಂದರೆ ರೇಷ್ಮೆ; ಸಂಸ್ಕೃತದ ‘ಪಟ್ಟ’ದಿಂದ ಬಂದುದು. ಮಡಿ ಮಾತ್ರ ಅಚ್ಚಗನ್ನಡದ ಮಾತು.

ಮಡಿಯ ಅರ್ಥವನ್ನು ಕೇಳಿದರೆ ಯಾರಾದರೂ ‘ಶುದ್ಧಿ’ ಎಂದಾರು. ಆದರೆ ಪದದ ಬೇರು ಅಲ್ಲಿಲ್ಲ. ಮಡಿ ಎಂದರೆ ಬಾಗಿಸು, ಮಡಿಸು. ತಮಿಳಿನಲ್ಲಿಯೂ ‘ಮಡಿ’ಗೆ ಮಡಿಕೆ, ಮಡಿಲು ಎಂಬ ಅರ್ಥಗಳುಂಟು. ಎರಡಾಗಿ ಮಡಿಸಿದರೆ ಇಮ್ಮಡಿ, ಮೂರಾದರೆ ಮುಮ್ಮಡಿ. ಚಾಲುಕ್ಯರ ಇಮ್ಮಡಿ ಪುಲಕೇಶಿಯ ಹೆಸರಿನಲ್ಲಿಯೂ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ (1884–1940) ಹೆಸರಿನಲ್ಲಿಯೂ ಇರುವುದು ಈ ಮಡಿಕೆಯೇ. ಅರಸರ ಲೆಕ್ಕವನ್ನೂ ನಮ್ಮವರು ಬಟ್ಟೆಯ ಲೆಕ್ಕದಲ್ಲಿಯೇ ಇಟ್ಟರೆನ್ನಬೇಕು!

ಒಗೆದ ಬಟ್ಟೆಯನ್ನಲ್ಲವೆ ಮಡಿಸಿಡುವುದು? ಹೀಗೆ ಮಡಿಕೆಯ ಮಾತು ಒಗೆದ ಬಟ್ಟೆಗೆ ಬಂದಿತು. ಹಳ್ಳಿಗಳಲ್ಲಿ ಬಟ್ಟೆ ಒಗೆಯುವುದಕ್ಕೆ ‘ಮಡಿ ಮಾಡುವುದು’ ಎನ್ನುವುದುಂಟು. ಬಟ್ಟೆಯಿಂದ ಅದು ಉಟ್ಟವನ ಮೈಗೆ ಹತ್ತಿತು. ಆಮೇಲೆ ‘ಮುಟ್ಟಬೇಡ’ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು.

ಪಟ್ಟೆಮಡಿಯ ವಿನೋದವಿರುವುದು ಇಲ್ಲಿಯೇ. ಹತ್ತಿಯ ಪಂಚೆ ಮಡಿಯಾಗಬೇಕಾದರೆ ದಿನವೂ ನೀರು ಕಾಣಬೇಕು. ರೇಷ್ಮೆಗೆ ಮೈಲಿಗೆ ಸುಲಭವಾಗಿ ತಾಗದೆಂಬ ನಂಬಿಕೆಯಿಂದ ಅದಕ್ಕೆ ಆ ನಿರ್ಬಂಧವಿಲ್ಲ. ಘಟ್ಟದ ಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ಮಡಿಕೋಲಿನ ಮೇಲಿನ ಹತ್ತಿಬಟ್ಟೆ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಅಂಥ ಸೀಮೆಯಲ್ಲಿ ಈ ವಿನಾಯಿತಿ ಎಷ್ಟು ಹಿತವೆಂಬುದನ್ನು ಬೇರೆ ಹೇಳಬೇಕಿಲ್ಲ. ಅಂತೂ ಒಗೆದ ಬಟ್ಟೆಯೆಂಬ ಅರ್ಥದ ಹೆಸರು ದಿನವೂ ಒಗೆಯದ ಬಟ್ಟೆಗೆ ಭೂಷಣವಾಯಿತು.

ಇದು ವಿನೋದವಾದರೆ ಮುಂದಿನದು ವಿನೋದವಲ್ಲ. ಮಡಿ ಮಾಡುವವನು ಮಡಿವಾಳ. ಹೆರಿಗೆಯ ಬಟ್ಟೆಯನ್ನೂ ಸಾವಿನ ಮನೆಯ ಬಟ್ಟೆಯನ್ನೂ ಒಗೆದು ಊರನ್ನು ಮೈಲಿಗೆಯಿಂದ ಬಿಡಿಸುತ್ತಿದ್ದವನು ಅವನೇ. ಆದರೂ ಅವನು ಒಗೆದು ತಂದ ಬಟ್ಟೆಯನ್ನು ಮಡಿಯವರ ಅನೇಕ ಮನೆಗಳಲ್ಲಿ ಮತ್ತೊಮ್ಮೆ ನೀರಿನಲ್ಲಿ ಹಿಂಡಿದ ಹೊರತು ಉಡುತ್ತಿರಲಿಲ್ಲ. ಪದವನ್ನು ಇಟ್ಟುಕೊಂಡರು, ಅದನ್ನು ದುಡಿದು ತಂದವನನ್ನು ಅಂಗಳದಲ್ಲಿ ನಿಲ್ಲಿಸಿದರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮಕಾಲೀನನಾಗಿದ್ದ ವಚನಕಾರ ಮಡಿವಾಳ ಮಾಚಿದೇವನ ಕಥೆ ಇದಕ್ಕೆ ತೀರ ಎದುರು. ಶರಣರ ಬಟ್ಟೆಯ ಗಂಟನ್ನು ಹೊತ್ತು ಬೀದಿಯಲ್ಲಿ ಬರುವಾಗ, ಭವಿಗಳು ಅದನ್ನು ಮುಟ್ಟಕೂಡದೆಂದು ಅವನೇ ತಡೆಯುತ್ತಿದ್ದನಂತೆ. ಅಲ್ಲಿ ದೂರ ನಿಲ್ಲಬೇಕಾದವರು ಇತರರು; ಮಡಿಯ ಗಂಟು ಇದ್ದುದು ಒಗೆದವನ ಹೆಗಲ ಮೇಲೆ.