ಪಗಾರದ ಕಟ್ಟೆ

ಸರ್ಕಾರದ ಕಾಗದದಲ್ಲಿ ಅದು ಮಾಸಾಶನ. ಪತ್ರಿಕೆಯವರಿಗೆ ವೃದ್ಧಾಪ್ಯ ವೇತನ. ಕಲಬುರಗಿ ಕಡೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮುದುಕ ಮುದುಕಿಯರ ಬಾಯಲ್ಲಿ ಮಾತ್ರ ಅದು ಪಗಾರ. "ಈ ತಿಂಗಳ ಪಗಾರ ಬಂದದೇನ್ರಿ ಮಾಸ್ತರ್ರೆ?" ಅಂತ ಕೇಳುವಾಗ ದನಿಯಲ್ಲಿ ಬೇಡುವವರ ಅಳುಕು ಇರುತ್ತಿರಲಿಲ್ಲ, ದುಡಿದವರು ಕೂಲಿ ಕೇಳುವ ಧಾಟಿ ಇರುತ್ತಿತ್ತು. ಪೋರ್ಚುಗೀಸರಿಂದ ಮರಾಠಿಗೆ, ಮರಾಠಿಯಿಂದ ನಮ್ಮ ಕಡೆಗೆ ಬಂದ ಶಬ್ದವಂತೆ ಇದು. ಎಲ್ಲಿಂದಲಾದರೂ ಬಂದಿರಲಿ, ನಲವತ್ತು ವರ್ಷ ಕಂಡವರ ಹೊಲದಲ್ಲಿ ತೊಗರಿ ಕೊಯ್ದ ಕೈಗೆ ಇದಕ್ಕಿಂತ ಸರಿಯಾಗಿ ಒಪ್ಪುವ ಶಬ್ದವನ್ನು ಯಾವ ಇಲಾಖೆಯೂ ಹುಡುಕಿಕೊಟ್ಟಿಲ್ಲ.

ಈ ಬರಹ ಕೇಳಿದ ಸಂಚಿಕೆಯವರು ನನಗೆ ಹೇಳಿದ್ದು, "ನಮ್ಮ ಮೂರು ತಾಲೂಕಿನಲ್ಲಿ ಹಿರಿಯರಿಗಾಗಿ ನಡೆದ ಸಂಸ್ಥೆಯೊಂದರ ಚರಿತ್ರೆ ಬರೆದುಕೊಡ್ರಿ" ಅಂತ. ಬೋರ್ಡು, ಅಧ್ಯಕ್ಷರು, ಕಾರ್ಯದರ್ಶಿಗಳು ಇರುವ ಸಂಸ್ಥೆಗಳ ಚರಿತ್ರೆ ಬರೆಯುವವರು ಬೇರೆ ಇದ್ದಾರೆ. ಈ ಮೂರೂ ತಾಲೂಕುಗಳ ಹಳ್ಳಿ ಶಾಲೆಗಳಲ್ಲಿ ವರ್ಗವಾಗಿ ವರ್ಗವಾಗಿ ನೌಕರಿ ಮುಗಿಸಿದ ನಾನು ಕಂಡ ಸಂಸ್ಥೆಗೆ ಕಟ್ಟಡ ಇರಲಿಲ್ಲ. ತಿಂಗಳಿಗೊಮ್ಮೆ, ಕೆಲವೊಮ್ಮೆ ಮೂರು ತಿಂಗಳಿಗೊಮ್ಮೆ, ಅಂಚೆಯವನ ಸೈಕಲ್ಲು ಬಂದು ನಿಂತಾಗ ಶಾಲೆಯ ಮುಂದಿನ ಕಟ್ಟೆಯ ಮೇಲೆ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಸಂಜೆ ದನ ಊರು ಸೇರುವ ಹೊತ್ತಿಗೆ ಮುಚ್ಚುತ್ತಿತ್ತು. 2025ರ ಆಗಸ್ಟಿಗೆ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಮೂವತ್ತು ತುಂಬಿತು. ಹಾಗಾಗಿ ಈ ಕಟ್ಟೆಯ ಚರಿತ್ರೆಯನ್ನೇ ಬರೆಯುತ್ತಿದ್ದೇನೆ.

ನಿಜಾಮರ ಕಾಲದಲ್ಲಿ ಪಿಂಚಣಿಗೆ ವಜೀಫಾ ಅನ್ನುತ್ತಿದ್ದರು. ಅದು ದಫ್ತರದಲ್ಲಿ ಕಾರಕೂನಿಕೆ ಮಾಡಿದವರಿಗೆ, ಪೊಲೀಸಿನಲ್ಲಿ ಇದ್ದವರಿಗೆ. ಉಳಿದವರಿಗೆ ಮುಪ್ಪಿನಲ್ಲಿ ಮಗ, ಮಗನಿಲ್ಲದಿದ್ದರೆ ಮಠ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಡಳಿತ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಆ ಮುಂದಿನ ದಶಕದಲ್ಲಿ ರಾಜ್ಯದ ವೃದ್ಧಾಪ್ಯ ವೇತನ ಶುರುವಾಯಿತಾದರೂ ಹಳ್ಳಿಗೆ ಒಬ್ಬಿಬ್ಬರ ಕೈಗೆ ಹತ್ತಿದರೆ ಹೆಚ್ಚು. 1972ರಲ್ಲಿ ಸ್ವಾತಂತ್ರ್ಯ ಯೋಧರಿಗೆ ಕೇಂದ್ರದ ಪಿಂಚಣಿ ಬಂತು. ನಿಜಾಮರಿಂದ ವಿಮೋಚನೆಯ ಹೊತ್ತಿನಲ್ಲಿ ಗಡಿ ಶಿಬಿರಗಳಲ್ಲಿ ಇದ್ದವರು ಆಳಂದ ಕಡೆ ಬಹಳ ಮಂದಿ. ಅವರಲ್ಲಿ ಆ ಪಿಂಚಣಿ ಪಡೆಯಲು ಕಾಗದ ಹಿಡಿದು ಹತ್ತಾರು ವರ್ಷ ಓಡಾಡಿದವರದ್ದೇ ಬೇರೊಂದು ಕಥೆ.

1995ರ ಆಗಸ್ಟ್ 15ರಂದು ಪಿ.ವಿ. ನರಸಿಂಹರಾಯರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ತಂದಿತು. 65 ದಾಟಿದ, ದಿಕ್ಕಿಲ್ಲದ ಬಡವರಿಗೆ ಕೇಂದ್ರದಿಂದ ತಿಂಗಳಿಗೆ 75 ರೂಪಾಯಿ. ಮುಪ್ಪಿನಲ್ಲಿ ನೆರವಾಗುವುದು ರಾಜ್ಯದ ಹೊಣೆ ಎಂದು ಸಂವಿಧಾನದ 41ನೇ ವಿಧಿಯಲ್ಲಿ ಬರೆದಿಟ್ಟದ್ದು 1950ರಲ್ಲಿ. ಅದು ರೂಪಾಯಿ ಆಗಿ ದೇಶದ ಎಲ್ಲ ಹಳ್ಳಿಗಳ ಕಡೆ ಹೊರಡಲು ನಲವತ್ತೈದು ವರ್ಷ ಹಿಡಿಯಿತು. ನರಸಿಂಹರಾಯರೂ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿ ಬೆಳೆದವರು. ನಮ್ಮಂಥ ಊರಿನ ಮುದುಕರ ಮುಖ ಅವರ ಕಣ್ಣ ಮುಂದೆ ಇದ್ದಿರಬೇಕು ಅಂತ ನಾನು ನನ್ನಷ್ಟಕ್ಕೆ ಅಂದುಕೊಂಡಿದ್ದೇನೆ, ಅದಕ್ಕೆ ಆಧಾರ ಕೇಳಬಾರದು.

ಆ ದಿನ ಹೇಗಿರುತ್ತಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಚೆಯವನು ಬರುವುದು ಹನ್ನೊಂದರ ಮೇಲೆ. ಮುದುಕರು ಎಂಟಕ್ಕೇ ಬಂದು ಕೂತಿರುತ್ತಿದ್ದರು. ಧೋತರ ಒಗೆದು ಉಟ್ಟು, ಪಟಗ ಸುತ್ತಿಕೊಂಡು, ಮದುವೆಗೆ ಬಂದವರ ಹಾಗೆ. ಮುದುಕಿಯರು ಬೇವಿನ ನೆರಳಿನ ಆಚೆ ಕಡೆ, ಎಲೆ ಸಂಚಿ ಬಿಚ್ಚಿಕೊಂಡು. ಕಟ್ಟೆಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಕೊರೆದ ಹುಲಿಮನೆ ಇತ್ತು. ಹುಣಸೆ ಬೀಜ ಇಟ್ಟುಕೊಂಡು ಇಬ್ಬರು ಆಡಿದರೆ ಎಂಟು ಮಂದಿ ಬುದ್ಧಿ ಹೇಳುವವರು. ಮುಂಬಯಿಗೆ ದುಡಿಯಲು ಹೋದವನ ಸುದ್ದಿ, ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದ ಮಗ ಯುಗಾದಿಗೂ ಬರಲಿಲ್ಲ ಅನ್ನುವ ದೂರು, ಯಾರ ಮೊಮ್ಮಗಳಿಗೆ ಯಾವ ಊರ ವರ ಬಂದಿದೆ ಅನ್ನುವ ಲೆಕ್ಕ, ಎಲ್ಲ ಅಲ್ಲೇ. ಎರಡು ಸಂಬಂಧಗಳು ಆ ಕಟ್ಟೆಯ ಮೇಲೆಯೇ ಗಟ್ಟಿಯಾದದ್ದನ್ನು ನಾನು ಕಂಡಿದ್ದೇನೆ. ಒಂದು ಹೊಲದ ಬದುವಿನ ಜಗಳ ಅಲ್ಲಿಂದಲೇ ಶುರುವಾದದ್ದನ್ನೂ.

ಅಂಚೆಯವನು ಬಂದಮೇಲೆ ನನ್ನ ಕೆಲಸ. ಮನಿ ಆರ್ಡರ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿದವರಿಗೆ ಸಾಕ್ಷಿಯ ಸಹಿ ಬೇಕು, ಅದು ಮಾಸ್ತರರದ್ದಾದರೆ ಯಾರೂ ತಕರಾರು ಮಾಡುವುದಿಲ್ಲ. ನೇರಳೆ ಮಸಿಯ ಡಬ್ಬಿ ತೆರೆಯುತ್ತಿದ್ದಂತೆ ಮುದುಕಿಯರು ಕೈಯನ್ನು ಸೀರೆಗೆ ಒರೆಸಿಕೊಂಡು ಎಡಗೈ ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದರು. ಯಾವುದು ಮೊದಲು, ಯಾಕೆ ಎಡಗೈ, ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒತ್ತಿದ ಮೇಲೆ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು. ಒಬ್ಬಾಕೆ ಮಾತ್ರ ಒರೆಸಿಕೊಳ್ಳುತ್ತಿರಲಿಲ್ಲ. ಕೇಳಿದರೆ, "ಇರ್ಲಿ ಬಿಡ್ರಿ ಮಾಸ್ತರ್ರೆ, ಮನ್ಯಾಗ ಸೊಸಿ ನೋಡ್ಲಿ, ಮುದುಕಿ ಇವತ್ತ ಪಗಾರ ತಗೊಂಡಾಳ ಅಂತ" ಅಂದಿದ್ದಳು.

ಎಣಿಸಿಕೊಟ್ಟ ನೋಟನ್ನು ಆಕೆ ನನ್ನ ಮುಂದೆಯೇ ಪಾಲು ಮಾಡುತ್ತಿದ್ದಳು. ಕಿರಾಣಿ ಅಂಗಡಿಯ ಉದ್ರಿಗೆ ಒಂದು ಪಾಲು. ಅಂಗಡಿಯವನು ದೂರದಲ್ಲಿ ಬೀಡಿ ಸೇದುತ್ತಾ ಕಾಯುತ್ತಲೇ ಇರುತ್ತಿದ್ದ. ಎಲೆ ಅಡಿಕೆಗೆ ಒಂದಿಷ್ಟು. ಘತ್ತರಗಿಯ ದೇವಿ ಭಾಗಮ್ಮನ ಹೆಸರಲ್ಲಿ ಸೆರಗಿನ ತುದಿಗೆ ಗಂಟು ಹಾಕಿದ ಒಂದು ನಾಣ್ಯ. ಮೊಮ್ಮಗನಿಗೆ ಪೆಪ್ಪರಮೆಂಟಿಗೆ ಚಿಲ್ಲರೆ. ಉಳಿದದ್ದು ಸಂಚಿಯ ಒಳಗಿನ ಒಳಗೆ. ಎಪ್ಪತ್ತೈದು ರೂಪಾಯಿಗೆ ಇಷ್ಟು ಖಾತೆಗಳು.

ಜನ ಒಟ್ಟಾಗಿ ಸಿಗುವ ದಿನ ಅಂತ ಗೊತ್ತಾದ ಮೇಲೆ ಉಳಿದವರೂ ಬರತೊಡಗಿದರು. ನರ್ಸಮ್ಮ ಬಂದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಯಾರಿಗಿದೆ ನೋಡಿ, ಕಣ್ಣಿನ ಶಿಬಿರಕ್ಕೆ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಪಂಚಾಯಿತಿಯವನು ರೇಷನ್ ಕಾರ್ಡಿನ ವಿಚಾರ ಸಾರುತ್ತಿದ್ದ. ಬಳೆಗಾರ, ಕಂಬಳಿ ಮಾರುವವನು, ಪಂಚಾಂಗ ಹೇಳುವವನು. ಅಂಥ ದಿನ ಬಾರದಿದ್ದ ಮುದುಕನ ಮನೆಗೆ ಮಧ್ಯಾಹ್ನ ಯಾರಾದರೂ ಹೋಗಿ ನೋಡಿ ಬರುತ್ತಿದ್ದರು. ಪಗಾರ ಬಿಟ್ಟು ಮನೆಯಲ್ಲಿ ಕೂತಿದ್ದಾನೆ ಅಂದರೆ ಮೈಗೆ ಜಡ್ಡು ಬಂದಿದೆ ಅಂತಲೇ ಅರ್ಥ. ನಗರಗಳಲ್ಲಿ ಹಿರಿಯರ ಹಗಲು ಕೇಂದ್ರ ಅಂತ ನಡೆಸುತ್ತಾರಲ್ಲ, ಆಟ, ಆರೋಗ್ಯ ತಪಾಸಣೆ, ಆಪ್ತ ಸಲಹೆ ಅಂತ ಪಟ್ಟಿ ಹಾಕಿ, ಅದೆಲ್ಲವೂ ಇಲ್ಲಿ ಒಂದು ಸೈಕಲ್ಲಿನ ಸುತ್ತ ನಡೆದುಹೋಗುತ್ತಿತ್ತು. ಎಲ್ಲ ಚೆಂದವೇ ಇತ್ತು ಅಂತ ಹೇಳಲಾರೆ. ಕೊಡುವವರು ಚಹಾದ ರೊಕ್ಕ ಅಂತ ಮುರಿದುಕೊಳ್ಳುವುದು ಕೆಲವೆಡೆ ಇತ್ತು. ಸಾಕ್ಷಿ ಹಾಕುವ ನಾವೂ ಕೆಲವೊಮ್ಮೆ ಕಂಡೂ ಕಾಣದ ಹಾಗೆ ಇದ್ದುಬಿಟ್ಟೆವು. ಮುದುಕಿಯರು ಮಾತ್ರ ನೋಟು ಎರಡು ಸಲ ಎಣಿಸಿ ನಮ್ಮ ಮುಖ ನೋಡುತ್ತಿದ್ದರು.

ರಾತ್ರಿಗೆ ಇನ್ನೊಂದು ಸಭೆ. ಜೇವರ್ಗಿ ಸೀಮೆಯಲ್ಲಿ ನಾನಿದ್ದಾಗ ಅದು ತಪ್ಪುತ್ತಿರಲಿಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ನಾಡು ಅದು. ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಅದೇ ಆಸುಪಾಸಿನವರು. ಶಾಲೆಗೆ ಹೋಗದ ಮುದುಕರು ಏಕತಾರಿ, ದಮ್ಮಡಿ ಹಿಡಿದು ಕೂತರೆ ತತ್ವಪದ ಒಂದರ ಹಿಂದೊಂದು ಹೊರಡುತ್ತಿದ್ದವು. ಹಗಲು ಹೆಬ್ಬೆಟ್ಟು ಒತ್ತಿದವನೇ ರಾತ್ರಿ ಪದದ ಅರ್ಥ ಬಿಡಿಸಿ ಹೇಳುವವನು. ಸಾಕ್ಷಿ ಸಹಿ ಹಾಕಿದ ಮಾಸ್ತರ ಕೆಳಗೆ ಕೂತು ಕೇಳುವವನು. ಅವನ ಪದದಲ್ಲಿ ಒಂದು ಶಬ್ದ ನನಗೆ ತಿಳಿಯದೆ ಕೇಳಿದ್ದಕ್ಕೆ, "ನಾಳಿ ಬರ್ರಿ ಮಾಸ್ತರ್ರೆ, ಒಮ್ಮಿಗೇ ಎಲ್ಲಾ ತಿಳದ್ರ ನಿಮ್ಮ ಪಗಾರ ಕಡಮಿ ಆಗ್ತದ" ಅಂದು ನಗಿಸಿದ್ದ.

ಇದಕ್ಕೂ ಹಳೆಯದು ದೇವಲ ಗಾಣಗಾಪುರದ ರೀತಿ. ಭೀಮಾ ಅಮರ್ಜಾ ಸಂಗಮದ ಊರು. ಸೇವೆಗೆಂದು ತಿಂಗಳುಗಟ್ಟಲೆ ಉಳಿಯುವ ವಯಸ್ಸಾದವರು ಮಧ್ಯಾಹ್ನ ಜೋಳಿಗೆ ಹಿಡಿದು ಮಧುಕರಿಗೆ ಹೊರಡುತ್ತಾರೆ. ದತ್ತನೇ ಭಿಕ್ಷೆಗೆ ಬರುತ್ತಾನೆ ಅನ್ನುವ ನಂಬಿಕೆಯ ಊರಲ್ಲಿ ಬೇಡಿ ಉಣ್ಣುವವನಿಗೆ ಕೀಳರಿಮೆ ಇಲ್ಲ. ಕಲಬುರಗಿ ಶರಣಬಸವೇಶ್ವರರ ದಾಸೋಹವನ್ನೂ ಇದರ ಜೊತೆಗಿಟ್ಟು ನೋಡಬೇಕು. ಶರಣರು ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ವೃದ್ಧಾಶ್ರಮ ಅನ್ನುವ ಶಬ್ದ ಕೇಳಿದರೆ ನಮ್ಮವರು ಇವತ್ತಿಗೂ ಮುಖ ತಿರುಗಿಸುತ್ತಾರೆ. ಮಠದ ಪಂಕ್ತಿಯಲ್ಲಿ ಕೂರಲು ಯಾರಿಗೂ ನಾಚಿಕೆ ಇಲ್ಲ.

2007 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರಿಗೆ 65ರ ಮೇಲೆ ತಿಂಗಳಿಗೆ 400 ರೂಪಾಯಿ. ನಮ್ಮ ಕಟ್ಟೆಯ ಮೇಲೆ ಒಮ್ಮೆಲೇ ಜಾಗ ಸಾಲದಾಯಿತು. ಹಳೆಯ ಪಗಾರದವರು ಹೊಸಬರನ್ನು "ನಾನೂರರವರು" ಅಂತ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕರೆಯುತ್ತಿದ್ದರು. ಅದೇ ವರ್ಷ ಸಂಸತ್ತು ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಾಡಿತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ, ತಿಂಗಳಿಗೆ 10,000ದ ತನಕ ಜೀವನಾಂಶ. ನೋಡಿಕೊಳ್ಳುತ್ತೇನೆ ಅಂತ ಹೊಲ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ನಮ್ಮ ಮೂರು ತಾಲೂಕಿಗೂ ಉಪವಿಭಾಗದ ಕಚೇರಿ ಕಲಬುರಗಿಯಲ್ಲಿ. ಆಳಂದ, ಜೇವರ್ಗಿಯಿಂದ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ 60ರ ಹತ್ತಿರ. ಈ ಕಾನೂನನ್ನು ಕಟ್ಟೆಯ ಮೇಲೆ ಓದಿ ಹೇಳಿದಾಗ ಒಬ್ಬ ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು, "ಮಗನ ಮ್ಯಾಲ ಅರ್ಜಿ ಕೊಟ್ಟು ಬಂದು ರಾತ್ರಿ ರೊಟ್ಟಿ ಯಾರ ಮನ್ಯಾಗ ಉಣ್ಲಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಯ್ದೆ ಬರೆದವರ ಹತ್ತಿರ ಇದೆಯೋ ಏನೋ.

ರೊಕ್ಕ ಮಾತ್ರ ಏರುತ್ತಾ ಬಂತು. ಸಂಧ್ಯಾ ಸುರಕ್ಷಾ 2018ರಲ್ಲಿ 1000 ಆಯಿತು, 2021ರಲ್ಲಿ 1200. ವಯಸ್ಸಿನ ಮಿತಿ ಇಳಿದ ಮೇಲೆ ಸೇರಿದ, 65 ತುಂಬದವರ ವೃದ್ಧಾಪ್ಯ ವೇತನ 600ಕ್ಕೇ ನಿಂತಿತು. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬತ್ತರ ಒಳಗಿನವರಿಗೆ 2006ರಲ್ಲಿ 200 ರೂಪಾಯಿ ಆದದ್ದು, 2025ರ ತನಕವೂ ಅಲುಗಲಿಲ್ಲ. ಇಲ್ಲಿ ನನ್ನ ಮುಜುಗರವನ್ನೂ ಹೇಳಿಬಿಡುತ್ತೇನೆ. ನಾನು ಸರ್ಕಾರಿ ನಿವೃತ್ತ, ಹಳೆಯ ಪಿಂಚಣಿಯವನು, ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಏರುತ್ತದೆ. ನನಗಿಂತ ಹೆಚ್ಚು ದುಡಿದ ಕೈಗಳ ಹೆಬ್ಬೆಟ್ಟಿಗೆ ನಾನು ಸಾಕ್ಷಿ ಹಾಕುತ್ತಿದ್ದೆ.

ಕಟ್ಟೆ ಖಾಲಿಯಾದದ್ದು ಒಂದೇ ದಿನ ಅಲ್ಲ. ಮೊದಲು ಬ್ಯಾಂಕ್ ಖಾತೆ ಬಂತು, ಆಮೇಲೆ ಆಧಾರ್ ಜೋಡಣೆ. ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ, ಖಾತೆ ಇನ್ನೊಂದು ಊರಲ್ಲಿ, ರೊಕ್ಕ ತೆಗೆಸುವುದು ಬಸ್‌ಸ್ಟ್ಯಾಂಡಿನ ಹತ್ತಿರದ ಮಿನಿ ಬ್ಯಾಂಕಿನಲ್ಲಿ. 2018ರ ಸೆಪ್ಟೆಂಬರ್ 1ರಂದು ಅಂಚೆ ಪೇಮೆಂಟ್ಸ್ ಬ್ಯಾಂಕ್ ಶುರುವಾಗಿ ಅಂಚೆಯವನ ಕೈಗೂ ಬೆರಳಚ್ಚಿನ ಯಂತ್ರ ಬಂತು. ಹಿಂದೆ ಮಸಿಯಲ್ಲಿ ಅದ್ದಿದ ಹೆಬ್ಬೆಟ್ಟು ಎಂಥದ್ದಿದ್ದರೂ ಕಾಗದ ಒಪ್ಪಿಕೊಳ್ಳುತ್ತಿತ್ತು. ಯಂತ್ರ ಒಪ್ಪುವುದಿಲ್ಲ. ಕಸ ಕಿತ್ತು, ಹತ್ತಿ ಬಿಡಿಸಿ, ಪಾತ್ರೆ ತಿಕ್ಕಿ ಸವೆದ ಬೆರಳಲ್ಲಿ ಗೆರೆ ಉಳಿದಿದ್ದರೆ ತಾನೆ? ಹತ್ತೂ ಬೆರಳನ್ನು ಒಂದೊಂದಾಗಿ ಇಟ್ಟು, ಕೊನೆಗೆ ಕಿರುಬೆರಳು ಕೂಡಿದರೆ ಆ ಮುದುಕಿಗೆ ಹಬ್ಬ. ಅದಕ್ಕೇ ಈಗ ಅವರು ಮನೆಯಿಂದ ಹೊರಡುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿಕೊಂಡು ಬರುತ್ತಾರೆ. ಯಾರು ಹೇಳಿಕೊಟ್ಟರೋ.

2020ರಲ್ಲಿ ಕೊರೊನಾ ಬಂದು ಗುಂಪುಗೂಡಬಾರದು ಅಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಮಾಳಿಗೆಯ ಮೇಲೆ ಜೋಳ ಒಣಗಿಸಿದ ಹಾಗೆ ಪಾಸ್‌ಬುಕ್ ಬಿಚ್ಚಿ ಹಾಳೆಹಾಳೆ ಒಣಗಿಸುತ್ತಿದ್ದ ಒಬ್ಬ ಆಯಿಯನ್ನು ಕಂಡೆ. ಅಕ್ಷರ ಪೂರ್ತಿ ಹರಡಿ ನೀಲಿ ಕಲೆ ಮಾತ್ರ ಉಳಿದಿತ್ತು. ಆ ವರ್ಷದ ನಂತರ ಕಟ್ಟೆಯ ಸಭೆ ಮತ್ತೆ ಕೂಡಲಿಲ್ಲ. ರೊಕ್ಕ ಯಾವಾಗಲೋ ಖಾತೆಗೆ ಬೀಳುತ್ತದೆ, ಯಾರಿಗೆ ಬಂತು ಯಾರಿಗೆ ನಿಂತಿತು ಅನ್ನುವುದು ಒಬ್ಬರಿಗೊಬ್ಬರಿಗೆ ಗೊತ್ತಾಗುವುದಿಲ್ಲ. ಬದುಕಿರುವವರು ದಾಖಲೆಯಲ್ಲಿ ಸತ್ತಿದ್ದರೆ, ಮೊದಲಾಗಿದ್ದರೆ ಅದೇ ದಿನ ಕಟ್ಟೆಯ ಮೇಲೆ ಗದ್ದಲವಾಗುತ್ತಿತ್ತು. ಈಗ ಮೂರು ತಿಂಗಳ ಮೇಲೆ ತಿಳಿಯುತ್ತದೆ. ಹುಲಿಮನೆಯ ಕಲ್ಲಿನ ಮೇಲೆ ಶಾಲೆಯ ಹುಡುಗರು ಬ್ಯಾಗು ಇಡುತ್ತಾರೆ.

ಹೋದ ಹುಣ್ಣಿಮೆಗೆ ಗಾಣಗಾಪುರದ ಬಸ್ಸು ಹತ್ತಿದ್ದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ರೊಕ್ಕ ಇಲ್ಲ. ಬಸ್ಸು ತುಂಬ ಮುದುಕಿಯರು. ನಮ್ಮಂಥ ಗಂಡಸು ಮುದುಕರು ಕಾರ್ಡು ತೋರಿಸಿ ಕಾಲುಭಾಗದ ರಿಯಾಯಿತಿ ಪಡೆದು, ಕಂಬಿ ಹಿಡಿದು ನಿಂತಿದ್ದೆವು. ಎಲೆ ಸಂಚಿಗಳು ಬಿಚ್ಚಿಕೊಂಡಿದ್ದವು. ಗೃಹಲಕ್ಷ್ಮಿ ಯೋಜನೆಯ ರೊಕ್ಕ ಅತ್ತೆಯ ಹೆಸರಿಗೋ ಸೊಸೆಯ ಹೆಸರಿಗೋ ಅಂತ ಹಿಂದಿನ ಸೀಟಿನಲ್ಲಿ ಜೋರು ಪಂಚಾಯಿತಿ. ಮೋತಿಬಿಂದು ತೆಗೆಸಿಕೊಂಡವಳೊಬ್ಬಳು ಯಾವ ದವಾಖಾನೆ, ಎಷ್ಟು ದಿನ ಅಂತ ಮೂರು ಸೀಟಿನ ತನಕ ಹೇಳುತ್ತಿದ್ದಳು. ನನ್ನ ಪಕ್ಕದ ಆಯಿ ಸೆರಗಿನ ಗಂಟಿನಿಂದ ಗುಂಡಿಯ ಫೋನು ತೆಗೆದು, ಕಾಲೇಜಿನ ಹುಡುಗಿಯೊಬ್ಬಳ ಮುಂದೆ ಹಿಡಿದಳು.

"ನೋಡಬೇ ತಂಗಿ, ಪಗಾರ ಬಂದದೇನು?"

ಹುಡುಗಿ ಮೆಸೇಜ್ ಒತ್ತಿ ಒತ್ತಿ ನೋಡಿ, "ಬಂದದ ಆಯಿ, ಸಾವಿರದಾ ಎರಡನೂರು" ಅಂದಳು. ಮುಂದಿನ ಸೀಟಿನಿಂದ ಮೂರು ಫೋನು ಹಿಂದಕ್ಕೆ ಚಾಚಿಕೊಂಡವು. "ನಮ್ಮದೂ ನೋಡವಾ." ಹುಡುಗಿ ಒಂದೊಂದೇ ಓದುತ್ತಾ ಹೋದಳು. ನಾಲ್ಕನೆಯದಕ್ಕೆ ತಲೆ ಅಲ್ಲಾಡಿಸಿದಾಗ ಬಸ್ಸಿನ ಮಾತೆಲ್ಲ ಆ ಕಡೆ ತಿರುಗಿತು. ಆಧಾರ್ ಕೊಟ್ಟೀ ಏನು, ಹೋದ ತಿಂಗಳು ಬಂದಿತ್ತೇನು, ನಾಡಕಚೇರಿಗೆ ಹೋಗಿದ್ದೀ ಏನು. ಕಂಡಕ್ಟರು ಕೂಡ ಟಿಕೆಟ್ ಯಂತ್ರ ಬಗಲಿಗೆ ಸಿಕ್ಕಿಸಿಕೊಂಡು, "ತಡಿ ಆಯಿ, ಪಾಸ್‌ಬುಕ್ ತಂದೀ ಏನು, ನಾ ನೋಡ್ತೀನಿ" ಅಂತ ಬಗ್ಗಿದ.