ಸುತ್ತೋಲೆಗಳ ಕಾಲದ ವಿದ್ಯಾಶಾಲೆಗಳು

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡವು ವಿದ್ಯಾದಾನಕ್ಕಾಗಿ ಕಟ್ಟಿದುದಲ್ಲ. ಸದರ್ನ್ ಮರಾಠಾ ರೇಲ್ವೆ ಕಂಪನಿಯವರು ತಮ್ಮ ಮುಖ್ಯ ಕಚೇರಿಗೆಂದು ಅದನ್ನು ಕಟ್ಟಿಸಿದ್ದರು. ೧೯೦೮ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಒಂದಾಗಿ, ಕಚೇರಿಯ ಸಡಗರವು ಊರು ಬಿಟ್ಟು ತೆರಳಿದ ತರುವಾಯ, ಕಾರಕೂನರು ಕುಳಿತು ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ೧೯೧೭ರಿಂದ ನಮ್ಮ ಸೀಮೆಯ ಹುಡುಗರು ಕುಳಿತು ಕಾಲಿದಾಸನನ್ನೂ ಶೇಕ್ಸಪಿಯರನನ್ನೂ ಓದತೊಡಗಿದರು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಮೂರು ಊರುಗಳೂ ಅದೇ ಕಂಪನಿಯ ಹಳಿಯ ಮೇಲಿನ ನಿಲ್ದಾಣಗಳೇ. ಹೀಗಾಗಿ ಹಳ್ಳಿಯ ಹುಡುಗನು ರೊಟ್ಟಿಯ ಗಂಟನ್ನೂ ತಗಡಿನ ಟ್ರಂಕನ್ನೂ ಹೊತ್ತು ಯಾವ ಕಂಪನಿಯ ಬಂಡಿಯನ್ನು ಹತ್ತುತ್ತಿದ್ದನೋ ಅದೇ ಕಂಪನಿಯ ಹಳೆಯ ಮನೆಯಲ್ಲಿ ಹೋಗಿ ಪಾಠಕ್ಕೆ ಕೂಡುತ್ತಿದ್ದನು.

ಈ ಕಾಲೇಜು ಸರಕಾರವು ತಾನಾಗಿ ಕರುಣಿಸಿದ ವರವಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಗೃಹಸ್ಥರು ವರ್ಷಗಟ್ಟಲೆ ಬೇಡಿ, ಕಾಡಿ, ಊರೂರಿಗೆ ಅಲೆದು ವಂತಿಗೆ ಕೂಡಿಸಿದುದರ ಫಲವದು. ಆದರೆ ವಂತಿಗೆಯನ್ನು ಕೊಟ್ಟ ಜನಕ್ಕೂ ಕಾಲೇಜಿನ ಆಡಳಿತಕ್ಕೂ ನಡುವೆ ಯಾವ ದಾರಿಯೂ ಇರಲಿಲ್ಲ. ಪ್ರಿನ್ಸಿಪಾಲರು ವಿದ್ಯಾಖಾತೆಯ ಡಾಯರೆಕ್ಟರರಿಗೆ ಉತ್ತರ ಹೇಳಬೇಕು. ಡಾಯರೆಕ್ಟರರು ಮುಂಬಯಿಯ ಗವರ್ನರರಿಗೆ. ಗವರ್ನರರು ದಿಲ್ಲಿಗೂ ಲಂಡನ್ನಿಗೂ. ಹುಡುಗನ ತಂದೆಗೆ ಉತ್ತರ ಹೇಳುವವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ವಿದ್ಯಾರ್ಥಿಯು ಎಲ್ಲಿ ಹೋಗಬಹುದು, ಏನನ್ನು ಕೇಳಬಹುದು, ಯಾವ ಮಾತನ್ನು ಆಡಬಹುದು ಎಂಬುದನ್ನೆಲ್ಲ ಈ ಸಾಲೇ ಗೊತ್ತುಮಾಡುತ್ತಿದ್ದಿತು. ಅದನ್ನು ಗೊತ್ತುಮಾಡಿದ ಬಗೆಯು ಧಾರವಾಡದ ಕಾಲೇಜು ಹುಟ್ಟುವುದಕ್ಕಿಂತ ಹನ್ನೆರಡು ವರ್ಷ ಮೊದಲೇ ರೂಢಿಗೆ ಬಂದಿತ್ತು.

ಅಂದು ಮೇಲಿನ ವಿದ್ಯೆಯು ಬೇಕಾದರೆ ಕನ್ನಡದ ಹುಡುಗರಿಗೆ ಪುಣೆಯೇ ಗತಿ. ಆಲೂರ ವೆಂಕಟರಾಯರು ಕಲಿತುದು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ೧೯೦೫ರ ಅಕ್ಟೋಬರದಲ್ಲಿ, ವಂಗಭಂಗದ ಬಿಸಿಯು ದೇಶಕ್ಕೆಲ್ಲ ತಟ್ಟಿದಾಗ, ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿನಾಯಕ ಸಾವರಕರರು ಪುಣೆಯಲ್ಲಿ ಪರದೇಶದ ಬಟ್ಟೆಗಳ ಹೋಳಿಯನ್ನು ಮಾಡಿಸಿದರು. ಪ್ರಿನ್ಸಿಪಾಲರಾಗಿದ್ದ ರಘುನಾಥ ಪರಾಂಜಪೆಯವರು ಅವರಿಗೆ ಹತ್ತು ರೂಪಾಯಿ ದಂಡ ಹಾಕಿ ವಸತಿಗೃಹದಿಂದ ಹೊರಗೆ ಕಳಿಸಿದರು. ಪರಾಂಜಪೆಯವರು ಅಂಜುಬುರುಕರಲ್ಲ, ಕೇಂಬ್ರಿಜ್ಜಿನಲ್ಲಿ ಗಣಿತದಲ್ಲಿ ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡು ಬಂದವರು, ತಮಗೆ ಸರಿದೋರಿದುದನ್ನು ಯಾರ ಮುಂದೆಯೂ ಆಡುವವರು. ವಿದ್ಯಾರ್ಥಿಯ ಧರ್ಮವು ವಿದ್ಯೆಯೇ ಹೊರತು ರಾಜಕಾರಣವಲ್ಲವೆಂಬುದು ಅವರ ನಿಜವಾದ ಮತವಾಗಿದ್ದಿತು. ಆದರೂ ಟಿಳಕರ ‘ಕೇಸರಿ’ಯು ಅವರನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಹುಡುಗನು ಮಾಡಿದ ಕೆಲಸವು ಕಾಲೇಜಿನ ಅಂಗಳದಲ್ಲಿ ನಡೆದುದಲ್ಲ. ಪಾಠಕ್ಕೆ ಅದರಿಂದ ಕುಂದು ಬಂದುದೂ ಅಲ್ಲ. ಊರೊಳಗಿನ ಮಾತಿಗೆ ಕಾಲೇಜಿನ ದಂಡವು ಹೇಗೆ ತಗಲೀತು?

ಫರ್ಗ್ಯುಸನ್ ಕಾಲೇಜು ದೇಶೀಯರೇ ನಡೆಸುತ್ತಿದ್ದ ಸಂಸ್ಥೆಯೆಂಬುದನ್ನು ವಾಚಕರು ಇಲ್ಲಿ ಲಕ್ಷ್ಯದಲ್ಲಿಡಬೇಕು. ಸರಕಾರದ ಅಧಿಕಾರಿಯೊಬ್ಬನೂ ಅಲ್ಲಿ ಕಾಲಿಡದೆ ದಂಡವು ಬಿದ್ದಿತು. ೧೮೫೪ರ ವುಡ್ಡನ ಖಲೀತೆಯಿಂದ ಆರಂಭವಾದ ಅನುದಾನದ ಪದ್ಧತಿಯು ಖಾಸಗಿಯವರ ಶಾಲೆಗಳನ್ನು ಬೆಳೆಸಿದುದು ನಿಜ. ಅವುಗಳ ಕೊರಳಿಗೆ ಹಗ್ಗವನ್ನು ಕಟ್ಟಿದುದೂ ಅಷ್ಟೇ ನಿಜ. ೧೯೦೪ರಲ್ಲಿ ಕರ್ಜನ್ನನು ತಂದ ವಿಶ್ವವಿದ್ಯಾಲಯಗಳ ಕಾಯದೆಯು ಆ ಹಗ್ಗಕ್ಕೆ ಇನ್ನೊಂದು ಎಳೆಯನ್ನು ಹೊಸೆಯಿತು. ಸೆನೆಟ್ಟಿನಲ್ಲಿ ಸರಕಾರವು ನೇಮಿಸಿದವರದೇ ಕೈ ಮೇಲಾಯಿತು. ಕಾಲೇಜುಗಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವುದರಲ್ಲಿಯೂ ಕಿತ್ತುಹಾಕುವುದರಲ್ಲಿಯೂ ಕೊನೆಯ ಮಾತು ಸರಕಾರದ್ದಾಯಿತು.

ಪುಣೆಯಲ್ಲಿ ಬಟ್ಟೆಯು ಸುಟ್ಟ ತಿಂಗಳಲ್ಲಿಯೇ ಬಂಗಾಲದಲ್ಲಿ ಕಾಗದವೊಂದು ಹೊರಟಿತು. ಬಂಗಾಲ ಸರಕಾರದ ಮುಖ್ಯ ಕಾರ್ಯದರ್ಶಿಯ ಸ್ಥಾನದಲ್ಲಿದ್ದ ಕಾರ್ಲೈಲನು ಜಿಲ್ಲಾಧಿಕಾರಿಗಳಿಗೆ ಬರೆದ ಈ ಸುತ್ತೋಲೆಯು ಗುಪ್ತವಾದುದಾಗಿದ್ದಿತು. ಆದರೆ ಅದು ಬೇಗನೆ ಪತ್ರಿಕೆಗಳ ಕೈಗೆ ಸಿಕ್ಕಿತು. ವಿದ್ಯಾರ್ಥಿಗಳು ಬಹಿಷ್ಕಾರದಲ್ಲಿಯೂ ಪಿಕೆಟಿಂಗಿನಲ್ಲಿಯೂ ಸೇರಿದರೆ ಅವರ ಶಾಲೆಯ ಅನುದಾನವು ನಿಲ್ಲುವುದು. ವಿದ್ಯಾರ್ಥಿವೇತನದ ಹಕ್ಕು ಹೋಗುವುದು. ಸಂಬಂಧವನ್ನು ಕಡಿಯುವಂತೆ ವಿಶ್ವವಿದ್ಯಾಲಯಕ್ಕೆ ಬರೆಯಲಾಗುವುದು. ಅವಶ್ಯವೆನಿಸಿದರೆ ಮಾಸ್ತರರನ್ನೂ ಶಾಲೆಯ ಚಾಲಕರನ್ನೂ ವಿಶೇಷ ಪೋಲೀಸರನ್ನಾಗಿ ನೇಮಿಸಲಾಗುವುದು. ಈ ಕೊನೆಯ ಮಾತನ್ನು ಬರೆದವನಿಗೆ ವಿನೋದದ ಬುದ್ಧಿಯಿದ್ದಿತೆಂದು ತೋರುವುದಿಲ್ಲ. ಬೆಳಿಗ್ಗೆ ವ್ಯಾಕರಣವನ್ನು ಕಲಿಸಿದ ಪಂಡಿತನು ಸಂಜೆ ಲಾಠಿಯನ್ನು ಹಿಡಿದು ತನ್ನ ಶಿಷ್ಯರನ್ನೇ ಚದರಿಸಬೇಕೆಂಬುದು ಆಳುವವರ ಅಂದಿನ ವಿದ್ಯಾನೀತಿಯಾಗಿದ್ದಿತು.

ರಂಗಪುರದಲ್ಲಿ ಸ್ವದೇಶಿ ಸಭೆಗೆ ಹೋದ ಹುಡುಗರಿಗೆ ತಲೆಗೆ ಐದು ರೂಪಾಯಿಯಂತೆ ದಂಡ ಬಿದ್ದಿತು. ತಂದೆತಾಯಿಗಳು ದಂಡವನ್ನು ಕೊಡಲೊಪ್ಪದೆ, ೧೯೦೫ರ ನವೆಂಬರ ೮ರಂದು ತಮ್ಮದೇ ಒಂದು ರಾಷ್ಟ್ರೀಯ ಶಾಲೆಯನ್ನು ತೆರೆದರು. ಅದೇ ವಾರದಲ್ಲಿ ಕಲಕತ್ತೆಯಲ್ಲಿ ‘ಸುತ್ತೋಲೆ ವಿರೋಧೀ ಸಂಘ’ವು ಹುಟ್ಟಿತು. ಪೂರ್ವ ಬಂಗಾಲದ ಸಿರಾಜಗಂಜದ ಎರಡು ಶಾಲೆಗಳ ಪ್ರಕರಣವಂತೂ ಸ್ವಾರಸ್ಯವಾದುದು. ಅಲ್ಲಿಯ ಲೆಫ್ಟನೆಂಟ್ ಗವರ್ನರನಾಗಿದ್ದ ಬ್ಯಾಮ್‌ಫೀಲ್ಡ್ ಫುಲ್ಲರನು ಆ ಎರಡೂ ಶಾಲೆಗಳ ಸಂಬಂಧವನ್ನು ಕಡಿಯಬೇಕೆಂದು ಕಲಕತ್ತಾ ವಿಶ್ವವಿದ್ಯಾಲಯಕ್ಕೆ ಬರೆದನು. ಇದರಿಂದ ಬೆಂಕಿಯು ಮತ್ತಷ್ಟು ಹಬ್ಬೀತೆಂದು ಹಿಂದುಸ್ತಾನ ಸರಕಾರದವರು ಆ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲು ಸೂಚಿಸಿದರು. ತನ್ನ ಮಾತು ನಡೆಯದಿದ್ದರೆ ಪದವಿಯೇ ಬೇಡವೆಂದು ಫುಲ್ಲರನು ಹಟ ಹಿಡಿದನು. ವಾಯಸರಾಯ್ ಮಿಂಟೋ ಪ್ರಭುವು ೧೯೦೬ರ ಆಗಸ್ಟದಲ್ಲಿ ಆ ರಾಜೀನಾಮೆಯನ್ನು ಸ್ವೀಕರಿಸಿಬಿಟ್ಟನು! ಒಂದು ಪ್ರಾಂತವನ್ನು ಆಳುವವನ ಕುರ್ಚಿಯು ಎರಡು ಶಾಲೆಗಳ ಹುಡುಗರಿಂದ ಹೋಯಿತೆಂದು ಜನರು ಹಿಗ್ಗಿದರು. ಆದರೆ ವಿಚಾರಿಸಿ ನೋಡಿದರೆ, ಫುಲ್ಲರನು ಹುಡುಗರಿಗಾಗಲಿ ಅವರ ಪಾಲಕರಿಗಾಗಲಿ ಉತ್ತರ ಹೇಳಿ ಹೋದವನಲ್ಲ. ಮೇಲಿನವನಿಗೆ ಬೇಸರವಾದುದರಿಂದ ಹೋದವನು. ನೀತಿಯು ಇದ್ದಲ್ಲಿಯೇ ಇದ್ದಿತು.

ಇದ್ದಲ್ಲಿಯೇ ಇದ್ದಿತೆಂಬುದಕ್ಕೆ ೧೯೦೭ರ ಮೇ ೬ರ ರಿಸ್ಲೇ ಸುತ್ತೋಲೆಯು ಸಾಕ್ಷಿ. ಬಂಗಾಲಕ್ಕೆ ಮಾತ್ರ ಇದ್ದ ಕಟ್ಟು ಇದರಿಂದ ಎಲ್ಲ ಪ್ರಾಂತಗಳಿಗೂ ಬಂದಿತು, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೂ ಬಂದಿತು. ಅದರ ರಚನೆಯು ಬುದ್ಧಿವಂತರದು. ಶಾಲೆಯ ಹುಡುಗರು ರಾಜಕೀಯ ಸಭೆಗಳಿಗೆ ಹೋಗಲೇಬಾರದು. ಕಾಲೇಜಿನವರು ಹೋಗಿ ಕೇಳಬಹುದು. ಮುಂದಾಗಿ ನಿಂತು ಕಾಲೇಜಿಗೆ ಕೆಟ್ಟ ಹೆಸರು ತರಬಾರದು. ಶಾಲಾಮಾಸ್ತರನು ಹುಡುಗರಿಗೆ ರಾಜಕಾರಣವನ್ನು ಕಲಿಸಿದರೆ ಶಿಕ್ಷೆ. ಕಾಲೇಜಿನ ಪ್ರಾಧ್ಯಾಪಕನಿಗೆ ಕೊಂಚ ಸಡಿಲಿಕೆ. ಆದರೆ ಅವನು ಶಿಷ್ಯರನ್ನು ಸಭೆಗೆ ಎಳೆದನೆಂದು ಕಂಡರೆ ವಿಶ್ವವಿದ್ಯಾಲಯವು ಕೈಹಾಕಬೇಕು, ಅದು ಹಾಕದಿದ್ದರೆ ಸರಕಾರವು ಕೈಹಾಕುವುದು. ಯಾವುದು ರಾಜಕಾರಣ, ಯಾವುದು ಕೆಟ್ಟ ಹೆಸರು ಎಂಬುದನ್ನು ನಿರ್ಣಯಿಸುವವರು ಯಾರು? ಕಲೆಕ್ಟರರು, ಇನ್ಸ್ಪೆಕ್ಟರರು, ಪ್ರಿನ್ಸಿಪಾಲರು. ಅವರ ನಿರ್ಣಯವು ತಪ್ಪೆಂದು ತೋರಿದವನು ದೂರನ್ನು ಒಯ್ಯಬೇಕಾದುದು ಅವರ ಬಳಿಗೇ.

ನಮ್ಮ ಸೀಮೆಯಲ್ಲಿ ಅಂದು ಕನ್ನಡದ ಲೇಖನಿಯನ್ನು ಹಿಡಿದವರಲ್ಲಿ ಬಹುಜನರು ಶಾಲಾಮಾಸ್ತರರೇ ಆಗಿದ್ದರೆಂಬುದನ್ನು ನೆನೆದರೆ ಈ ಕಟ್ಟಿನ ಭಾರವು ತಿಳಿದೀತು. ಸಾತೇನಹಳ್ಳಿಯಲ್ಲಿ ಹುಟ್ಟಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಮಾಸ್ತರರು; ಗಳಗನಾಥರೂ ಮಾಸ್ತರರೇ. ಗಳಗನಾಥರು ಆ ವೃತ್ತಿಯನ್ನು ಬಿಟ್ಟು ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವವನ್ನು ವಹಿಸಿದರು, ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ಮಾರಿದರು. ಸಂಬಳದ ಮಾಸ್ತರನಿಗಿಂತ ಹೊರೆ ಹೊತ್ತ ಪುಸ್ತಕದವನಿಗೆ ಮಾತಿನ ಸ್ವಾತಂತ್ರ್ಯವು ಹೆಚ್ಚಾಗಿದ್ದ ಕಾಲವದು. ಆಲೂರರು ಧಾರವಾಡದಲ್ಲಿ ನೂತನ ವಿದ್ಯಾಲಯವನ್ನು ಸ್ಥಾಪಿಸಿ ಅನುದಾನದ ಹಗ್ಗವಿಲ್ಲದ ವಿದ್ಯೆಯ ಪ್ರಯೋಗವನ್ನು ಮಾಡಿ ನೋಡಿದರು. ೧೯೧೦ರ ಮುದ್ರಣ ಕಾಯದೆಯು ಬಂದ ಮೇಲೆ ಪತ್ರಿಕೆಯವರ ಕೈಯೂ ಕಟ್ಟಿಹೋಯಿತು.

೧೯೨೦ರ ಡಿಸೆಂಬರದ ನಾಗಪುರ ಕಾಂಗ್ರೆಸ್ಸು ಸರಕಾರದ ಹಾಗೂ ಅನುದಾನದ ಶಾಲೆ ಕಾಲೇಜುಗಳನ್ನು ಬಿಡಿರೆಂದು ಕರೆಯಿತ್ತಿತು. ಬಿಟ್ಟವರುಂಟು, ಬಿಟ್ಟು ಕೆಲವು ತಿಂಗಳಿಗೆ ತಿರುಗಿ ಬಂದವರೂ ಉಂಟು. ಬಡ ಮನೆತನದ ಹುಡುಗನಿಗೆ ಒಂದು ವರ್ಷದ ವಿದ್ಯೆಯೆಂದರೆ ಒಂದು ಹೊಲದ ಬೆಲೆ. ಅವನು ತಿರುಗಿ ಬಂದುದನ್ನು ಹೀನಾಯಿಸುವುದು ನ್ಯಾಯವಲ್ಲ. ಅಧ್ಯಾಪಕರಾಗಿದ್ದ ರಂಗರಾವ ದಿವಾಕರರು ೧೯೨೧ರಲ್ಲಿ ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷದ ಜುಲೈ ೧ರಂದು ಧಾರವಾಡದಲ್ಲಿ ಸೆರೆಯಂಗಡಿಯ ಮುಂದೆ ನೆರೆದವರ ಮೇಲೆ ಪೋಲೀಸರು ಗುಂಡು ಹಾರಿಸಿ ಮೂವರು ಮಡಿದರು.

ಆ ವರ್ಷವೇ ವಿದ್ಯಾಖಾತೆಯ ಆಡಳಿತದಲ್ಲಿ ದೊಡ್ಡ ಮಾರ್ಪಾಡು ಆಗಿದ್ದಿತು. ದ್ವಿಮುಖ ಸರಕಾರದ ಏರ್ಪಾಡಿನಲ್ಲಿ ವಿದ್ಯೆಯು ಚುನಾಯಿತ ಮಂತ್ರಿಯ ಕೈಗೆ ಬಂದಿತು. ಮುಂಬಯಿಯ ಮೊದಲ ವಿದ್ಯಾಮಂತ್ರಿಗಳು ಬೇರೆ ಯಾರೂ ಅಲ್ಲ, ಫರ್ಗ್ಯುಸನ್ನಿನ ಆ ಪರಾಂಜಪೆಯವರೇ. ಕೌನ್ಸಿಲಿನಲ್ಲಿ ಕುಳಿತ ಧಾರವಾಡದ ಪ್ರತಿನಿಧಿಯು ಕಾಲೇಜಿನ ಬಗ್ಗೆ ಮಂತ್ರಿಗೆ ಪ್ರಶ್ನೆ ಕೇಳಬಹುದಾಯಿತು. ಇದು ಅಲ್ಪವಲ್ಲ. ಆದರೆ ಸರಕಾರಿ ಕಾಲೇಜುಗಳ ಮೇಲಿನ ಸ್ಥಾನಗಳು ಇಂಡಿಯನ್ ಎಜ್ಯುಕೇಶನಲ್ ಸರ್ವಿಸಿನವು. ಆ ಅಧಿಕಾರಿಗಳನ್ನು ನೇಮಿಸುವವನು ಲಂಡನ್ನಿನ ಭಾರತಮಂತ್ರಿ. ಜನರಿಗೆ ಹೊಣೆಯಾದವನಿಗೆ ಅಧಿಕಾರಿಯ ಮೇಲೆ ಕೈಯಿಲ್ಲ. ಕೈಯಿದ್ದವನು ಜನರಿಗೆ ಹೊಣೆಯಲ್ಲ. ೧೯೨೪ರ ತರುವಾಯ ಆ ಸರ್ವಿಸಿಗೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತರೂ ಇದ್ದವರು ಇದ್ದೇ ಇದ್ದರು.

ಈ ತೊಡಕು ಬಯಲಾದುದು ಅಹಮದಾಬಾದಿನಲ್ಲಿ. ೧೯೨೮ರಲ್ಲಿ ಸೈಮನ್ ಆಯೋಗವನ್ನು ಬಹಿಷ್ಕರಿಸಿ ಅಲ್ಲಿಯ ಸರಕಾರಿ ಗುಜರಾತ ಕಾಲೇಜಿನ ವಿದ್ಯಾರ್ಥಿಗಳು ತರಗತಿಗೆ ಹೋಗಲಿಲ್ಲ. ಪ್ರಿನ್ಸಿಪಾಲ ಫಿಂಡ್ಲೇ ಶಿರಾಸರು ಅದಕ್ಕಾಗಿ ಅವರನ್ನು ಶಿಕ್ಷೆಗೆ ಗುರಿಮಾಡಿದರು. ೧೯೨೯ರ ಜನವರಿಯಲ್ಲಿ ಕಾಲೇಜಿಗೆ ಕಾಲೇಜೇ ಹರತಾಳ ಹೂಡಿತು. ಅದು ವಾರಗಟ್ಟಲೆ ನಡೆಯಿತು, ಗಾಂಧೀಜಿಯವರು ವಿದ್ಯಾರ್ಥಿಗಳ ಪಕ್ಷವನ್ನು ವಹಿಸಿದರು. ಧಾರವಾಡದ ಕಾಲೇಜೂ ಅದೇ ಮುಂಬಯಿ ಸರಕಾರದ್ದು, ಅದೇ ವಿಶ್ವವಿದ್ಯಾಲಯಕ್ಕೆ ಸೇರಿದುದು. ಅಲ್ಲಿ ನಡೆದುದಕ್ಕೂ ಇಲ್ಲಿ ನಡೆಯಬಹುದಾದುದಕ್ಕೂ ನಿಯಮಗಳಲ್ಲಿ ಭೇದವಿರಲಿಲ್ಲ.

ಆದರೆ ಈ ಭಾಗದಲ್ಲಿ ಮಾತಿನ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ತೆತ್ತವರು ವಿದ್ಯಾರ್ಥಿಯಲ್ಲ, ಮಾಸ್ತರರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಧಾರವಾಡದಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದವರು. ‘ನರಬಲಿ’ ಎಂಬ ಕವಿತೆಯು ರಾಜದ್ರೋಹದ್ದೆಂದು ೧೯೩೨ರಲ್ಲಿ ಅವರನ್ನು ಹಿಂಡಲಗಿಯ ಸೆರೆಮನೆಗೆ ಕಳಿಸಲಾಯಿತು. ಬಿಡುಗಡೆಯಾದ ಬಳಿಕ ಧಾರವಾಡದ ಹತ್ತಿರದ ಮುಗದವನ್ನು ಬಿಟ್ಟು ಹೋಗಕೂಡದೆಂದು ಅಲ್ಲಿರಿಸಲಾಯಿತು. ಸೆರೆಯ ಅವಧಿಯು ತಿಂಗಳುಗಳ ಲೆಕ್ಕದ್ದು. ಅದರ ಹಿಂದಿನಿಂದ ಬಂದ ಶಿಕ್ಷೆಯು ವರ್ಷಗಳ ಲೆಕ್ಕದ್ದು. ಅವರಿಗೆ ನೌಕರಿಯನ್ನು ಕೊಡಕೂಡದೆಂದು ಸರಕಾರದ ತಡೆಯಾಯಿತು. ಅನುದಾನದ ಹಗ್ಗವು ಹೇಗೆ ಎಳೆಯುವುದೆಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು: ಯಾವ ಸಂಸ್ಥೆಯೂ ಕವಿಯನ್ನು ದ್ವೇಷಿಸಬೇಕಾಗಿರಲಿಲ್ಲ, ತನ್ನ ವಾರ್ಷಿಕ ಅನುದಾನವನ್ನು ನೆನೆದರೆ ಸಾಕಾಗಿದ್ದಿತು. ೧೯೩೫ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿಯನ್ನು ಪಡೆದರು; ಪದವಿಯನ್ನು ಕೊಡುವ ರಾಜ್ಯವೇ ಪದವೀಧರನಿಗೆ ಬಾಗಿಲನ್ನು ಮುಚ್ಚಿದ್ದಿತು. ಆ ವರ್ಷಗಳ ಸಂಸಾರದ ಬಡತನವನ್ನು ಅವರ ಮನೆಯವರು ಹೇಗೆ ಸಾಗಿಸಿದರೆಂಬುದು ಯಾವ ಸರಕಾರಿ ಕಡತದಲ್ಲಿಯೂ ಬರುವಂಥದಲ್ಲ. ಕೊನೆಗೆ ೧೯೪೪ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡದ ಪ್ರಾಧ್ಯಾಪಕರನ್ನಾಗಿ ಕರೆದುಕೊಂಡಿತು. ೧೯೫೬ರ ವರೆಗೆ ಅವರು ಅಲ್ಲಿಯೇ ಇದ್ದರು. ಕನ್ನಡದ ವರಕವಿಗೆ ಕಾಲೇಜಿನ ಕುರ್ಚಿಯು ದೊರೆತುದು ಧಾರವಾಡದಲ್ಲಲ್ಲ, ಗಡಿಯೂರಾದ ಸೊಲ್ಲಾಪುರದಲ್ಲಿ.

೧೯೪೨ರ ಆಗಸ್ಟ ೧೫ರಂದು ಹುಬ್ಬಳ್ಳಿಯ ಮೆರವಣಿಗೆಯಲ್ಲಿ ಬಾಲಕ ನಾರಾಯಣ ಡೋಣಿಗೆ ಗುಂಡು ತಗಲಿತು. ರಿಸ್ಲೇಯ ಸುತ್ತೋಲೆಯಂತೆ ಅವನು ಸಭೆಯ ಸಮೀಪಕ್ಕೂ ಹೋಗಬಾರದಿದ್ದ ವಯಸ್ಸಿನವನು. ಮರುವರ್ಷ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ದಂಡಿಯ ಯಾತ್ರೆಗೆ ಹೊರಟಾಗ ಅವರು ಕಾಲೇಜಿಗೆ ಸೇರುವ ವಯಸ್ಸಿನ ತರುಣರಾಗಿದ್ದರು. ಅವರು ನಡೆದು ಕಲಿತ ಪಾಠವನ್ನು ಯಾವ ಅನುದಾನದ ಶಾಲೆಯೂ ಕಲಿಸುವಂತಿರಲಿಲ್ಲ.

೧೯೫೦ರ ಸಂವಿಧಾನವು ಹತ್ತೊಂಬತ್ತನೆಯ ಅನುಚ್ಛೇದದಲ್ಲಿ ವಾಕ್‌ಸ್ವಾತಂತ್ರ್ಯವನ್ನು ಪ್ರಜೆಯ ಹಕ್ಕೆಂದು ಬರೆಯಿತು. ಆದರೂ ಸರಕಾರಿ ನೌಕರರ ನಡತೆಯ ನಿಯಮಗಳು ಹಳೆಯ ಮನೆಯ ಜಂತಿಗಳಂತೆ ಬಹುಮಟ್ಟಿಗೆ ಹಾಗೆಯೇ ಉಳಿದವು. ಬಿಹಾರ ಸರಕಾರವು ತನ್ನ ನೌಕರರಿಗೆ ಯಾವ ಬಗೆಯ ಪ್ರದರ್ಶನವನ್ನೂ ಮಾಡಕೂಡದೆಂದು ವಿಧಿಸಿದಾಗ, ೧೯೬೨ರಲ್ಲಿ ಸುಪ್ರೀಮ್ ಕೋರ್ಟು ಕಾಮೇಶ್ವರ ಪ್ರಸಾದರ ಮೊಕದ್ದಮೆಯಲ್ಲಿ ಆ ನಿಷೇಧವನ್ನು ತಳ್ಳಿಹಾಕಿತು: ಮುಷ್ಕರದ ಹಕ್ಕು ಮೂಲಭೂತವಲ್ಲ, ಆದರೆ ಸಂಬಳವನ್ನು ಪಡೆದ ಮಾತ್ರಕ್ಕೆ ಶಾಂತವಾಗಿ ತನ್ನ ಅಸಮಾಧಾನವನ್ನು ತೋರಿಸುವ ಹಕ್ಕನ್ನು ನೌಕರನು ಕಳೆದುಕೊಳ್ಳುವುದಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಸರಕಾರಿ ಶಾಲೆ ಕಾಲೇಜುಗಳ ಅಧ್ಯಾಪಕರೂ ಈ ನೌಕರರೊಳಗಿನವರೇ.

ಕಾರ್ಲೈಲನ ಗುಪ್ತಪತ್ರದ ಕಾಲಕ್ಕೆ ಅಧಿಕಾರಿಯು ಬರೆದುದು ಜನರಿಗೆ ತಿಳಿಯಬೇಕಾದರೆ ಅದನ್ನು ಯಾರಾದರೂ ಹೊರಗೆ ಸೋರಬಿಡಬೇಕಾಗಿದ್ದಿತು. ಸರಿಯಾಗಿ ನೂರು ವರ್ಷಗಳ ಮೇಲೆ, ೨೦೦೫ರಲ್ಲಿ, ಮಾಹಿತಿಯ ಹಕ್ಕಿನ ಅಧಿನಿಯಮವು ಬಂದಿತು. ಹಾವೇರಿಯದಾಗಲಿ ರಾಣೆಬೆನ್ನೂರಿನದಾಗಲಿ, ಸರಕಾರಿ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ತನ್ನ ಮೇಲಿನ ಆಜ್ಞೆಯನ್ನು ಯಾರು, ಯಾವ ಕಾರಣಕ್ಕಾಗಿ ಬರೆದರೆಂಬ ಕಾಗದದ ಪ್ರತಿಯನ್ನು ಪ್ರಿನ್ಸಿಪಾಲರಿಂದ ಕೇಳಬಹುದು. ಅರ್ಜಿಯ ಶುಲ್ಕವು ಹತ್ತು ರೂಪಾಯಿ. ಉತ್ತರಕ್ಕೆ ಮೂವತ್ತು ದಿನಗಳ ಗಡುವು.